ಒಂದೇ ದಿನವಿದ್ದರೆ: ಟೇಬಲ್ ಮೌಂಟನ್, ಕೇಪ್ ಪಾಯಿಂಟ್, ಬೌಲ್ಡರ್ಸ್

ಕೇಪ್‌ಟೌನ್‌ನ ಟೇಬಲ್ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಒಂದೇ ದಿನ ಮೀಸಲಿಡಬಲ್ಲವರು ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಬಹುಮಟ್ಟಿಗೆ ಅಂದಿನ ಗಾಳಿಯೇ ನಿರ್ಧರಿಸುತ್ತದೆ. 1,000 ಮೀಟರಿಗೂ ಮಿಕ್ಕ ಎತ್ತರದ ಟೇಬಲ್ ಮೌಂಟನ್ ಬೆಟ್ಟಕ್ಕೆ 1929ರಿಂದ ಕೇಬಲ್ ಕಾರ್ ಇದೆಯಾದರೂ, ಆಗ್ನೇಯದ ಗಾಳಿ ಬಲವಾದಾಗ ಅದನ್ನು ನಿಲ್ಲಿಸುತ್ತಾರೆ. ನೆತ್ತಿಗೆ ಮೋಡ ಕವಿದಿದ್ದರೆ ಟಿಕೆಟಿನ ಹಣ ವ್ಯರ್ಥವೆಂದೇ ನನ್ನ ಅಭಿಪ್ರಾಯ. ಖರ್ಚು ಉಳಿಸಬೇಕೆನ್ನುವ, ಕಾಲು ಗಟ್ಟಿಯಿರುವವರಿಗೆ ಪ್ಲಾಟೆಕ್ಲಿಪ್ ಕಮರಿಯ ಕಡಿದಾದ ಕಾಲುದಾರಿ ಸಾಕು.

ಕೇಪ್ ಪಾಯಿಂಟ್ ಎಂಬ ಭೂಶಿರ ಕೇಪ್‌ಟೌನ್ ನಗರದಿಂದ ದೂರವಿರುವುದರಿಂದ ವಾಹನ ಬೇಕು, ಪ್ರವೇಶ ಶುಲ್ಕವೂ ಉಂಟು. ಆದರೆ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಇದೇ ತಕ್ಕದ್ದು: 1860ರ ದೀಪಸ್ತಂಭವು ಅತಿ ಎತ್ತರದಲ್ಲಿದ್ದು ಆಗಾಗ ಮಂಜಿನಲ್ಲಿ ಮರೆಯಾಗುತ್ತಿತ್ತು, 1911ರಲ್ಲಿ ಪೋರ್ಚುಗಲ್‌ನ ಲುಸಿಟಾನಿಯಾ ಹಡಗು ಇಲ್ಲಿನ ಬಂಡೆಗೆ ಬಡಿದ ಮೇಲೆ, ಇನ್ನೂ ಕೆಳಗೆ ಹೊಸದೊಂದನ್ನು ಕಟ್ಟಿದರು. ಆಫ್ರಿಕಾ ಖಂಡದ ದಕ್ಷಿಣದ ತುದಿ ಮಾತ್ರ ಇದಲ್ಲ. ಅದು ಅಗುಲ್ಹಾಸ್ ಭೂಶಿರ.

ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ ಬೌಲ್ಡರ್ಸ್ ಕಡಲತೀರ ಸುಲಭ. ಗ್ರಾನೈಟ್ ಬಂಡೆಗಳು ಅಲೆಗಳನ್ನು ತಡೆಯುತ್ತವೆ, ಮರದ ಹಾಸಿನ ಮೇಲೆ ನಿಂತು ಆಫ್ರಿಕನ್ ಪೆಂಗ್ವಿನ್‌ಗಳನ್ನು ಹತ್ತಿರದಿಂದ ನೋಡಬಹುದು. ಅವು ಕಚ್ಚುತ್ತವೆಯಾದ್ದರಿಂದ ಮುಟ್ಟುವಂತಿಲ್ಲ. ಇಲ್ಲಿಯೂ ಶುಲ್ಕವಿದೆ. ಸ್ವಂತ ವಾಹನವಿದ್ದವರು ಬೆಳಿಗ್ಗೆ ಬೇಗ ಹೊರಟರೆ, ಕೇಪ್ ಪಾಯಿಂಟ್‌ಗೆ ಹೋಗುವ ದಾರಿಯಲ್ಲೇ ಇದನ್ನೂ ನೋಡಿಕೊಳ್ಳಬಹುದು.