ಲಿಸ್ಟಿಂಗ್ ದಿನ ಮಾರಲಾಗದ ಷೇರುಗಳು

ಬಾಗಲಕೋಟೆಯ ನವನಗರದಲ್ಲಿ ಮುಳುಗಡೆ ಪರಿಹಾರದ ಹಣ ಬ್ಯಾಂಕಿಗೆ ಜಮೆಯಾದ ಸುದ್ದಿ ಮನೆಯವರಿಗಿಂತ ಮೊದಲು ಏಜೆಂಟರಿಗೆ ತಿಳಿಯುತ್ತದೆ. ಅವ್ವನ ಹೆಸರಿನ ಹೊಲಕ್ಕೆ ಪರಿಹಾರ ಬಂದಾಗ ನಿವೇಶನದವರು, ವಿಮೆಯವರು, ಚೀಟಿಯವರು ಎಲ್ಲರೂ ಬಂದರು. ಚಹಾ ಕೊಟ್ಟು ಕಳಿಸಿದೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು, ನನಗೆ ಯಾರು ಮೋಸ ಮಾಡುತ್ತಾರೆ ಎಂಬ ಜಂಬ ಬೇರೆ. ಸೋತದ್ದು ಐಪಿಒ, ಅಂದರೆ ಕಂಪನಿ ಮೊದಲ ಬಾರಿ ಜನರಿಗೆ ಷೇರು ಮಾರುವ ಮಾತು ಹೊತ್ತು ಬಂದವನಿಗೆ.

ಆತ ಹೇಳಿದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲೇ ನನ್ನ ತಮ್ಮ ಆರು ವರ್ಷದಿಂದ ದುಡಿಯುತ್ತಿದ್ದ. ಕಂಪನಿ ಇನ್ನೇನು ಷೇರುಪೇಟೆಗೆ ಬರಲಿದೆ, ಅದಕ್ಕೂ ಮೊದಲೇ ಷೇರು ಕೊಡಿಸುತ್ತೇನೆ ಎಂದ. “ಗುರುಗಳೇ, ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಬಂದಾಗ ಕೊಂಡವರು ಈಗ ಕುಳಿತು ಉಣ್ಣುತ್ತಿದ್ದಾರೆ” ಎಂಬ ಮಾತೂ ಬಂತು. ಇನ್ಫೋಸಿಸ್ ಹೆಸರು ಬಂದರೆ ನಮ್ಮ ಕಡೆಯವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. 680 ರೂಪಾಯಿಯಂತೆ ಒಂದು ಸಾವಿರ ಷೇರು ಕೊಂಡೆ. ಅವು ಷೇರು ಇಡುವ ಡಿಮ್ಯಾಟ್ ಖಾತೆಗೆ ಬಂದವು, ಅದರಲ್ಲಿ ಮೋಸವಿರಲಿಲ್ಲ. ಆದರೆ 680 ಎಂಬ ಬೆಲೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಪಟ್ಟಿಯಾಗದ ಷೇರಿಗೆ ಪೇಟೆಯಲ್ಲಿ ಬೆಲೆ ಕಟ್ಟುವವರಿಲ್ಲ. ಮಾರುವವನು ಹೇಳಿದ್ದೇ ಬೆಲೆ. ಇಂಥ ಷೇರುಗಳ ವಹಿವಾಟು ನಡೆಸುವ ಅನಧಿಕೃತ ವೇದಿಕೆಗಳ ಬಗ್ಗೆ ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಡಿಸೆಂಬರ್‌ನಲ್ಲೇ ಹೂಡಿಕೆದಾರರನ್ನು ಎಚ್ಚರಿಸಿತ್ತು. ನಾನು ಅದನ್ನು ಓದಿದ್ದು ಹಣ ಹೋದ ಮೇಲೆ.

ಕಂಪನಿ ನಿಗದಿ ಮಾಡಿದ ಐಪಿಒ ಬೆಲೆ 420 ರೂಪಾಯಿ. ಹೀಗೂ ಆಗುತ್ತದೆಯೇ ಎಂದು ಕೇಳಬೇಡಿ. ಎಚ್‌ಡಿಬಿ ಫೈನಾನ್ಷಿಯಲ್ ಎಂಬ ಸಾಲ ಕಂಪನಿಯ ಷೇರು ಪೇಟೆಯ ಹೊರಗೆ 1,200 ರೂಪಾಯಿ ದಾಟಿ ಮಾರಾಟವಾಗುತ್ತಿದ್ದಾಗ 2025ರಲ್ಲಿ ಐಪಿಒ ಬಂದದ್ದು ಗರಿಷ್ಠ 740ಕ್ಕೆ.

ಅಕ್ಟೋಬರ್ ಮೊದಲ ವಾರ ಲಿಸ್ಟಿಂಗ್, ಅಂದರೆ ಷೇರು ಪೇಟೆಯಲ್ಲಿ ವಹಿವಾಟಿಗೆ ತೆರೆದ ದಿನ. ಬೆಳಿಗ್ಗೆ 465ಕ್ಕೆ ಆರಂಭವಾಯಿತು. ಬಂದಷ್ಟು ಬರಲಿ ಎಂದು ಮಾರಲು ಹೋದರೆ ಆರ್ಡರ್ ತಿರಸ್ಕೃತ. ಮತ್ತೆ ಒತ್ತಿದೆ, ಮತ್ತೆ ತಿರಸ್ಕೃತ. ಏಜೆಂಟನಿಗೆ ಫೋನ್ ಮಾಡಿದಾಗ ಬಂದ ಉತ್ತರ: “ಲಾಕ್-ಇನ್ ಇರುತ್ತದಲ್ಲ ಗುರುಗಳೇ, ಆರು ತಿಂಗಳು.” ಐಪಿಒಗೆ ಮುಂಚೆ ಷೇರು ಹೊಂದಿದ್ದ ಸಾಮಾನ್ಯ ಹೂಡಿಕೆದಾರರು ಐಪಿಒ ಹಂಚಿಕೆಯ ದಿನದಿಂದ ಆರು ತಿಂಗಳು ಮಾರುವಂತಿಲ್ಲ ಎಂಬುದು ಸೆಬಿ ನಿಯಮ. ಐಪಿಒದಲ್ಲೇ ಅರ್ಜಿ ಹಾಕಿ 420ಕ್ಕೆ ಪಡೆದವನು ಅಂದೇ ಲಾಭಕ್ಕೆ ಮಾರಿ ಹೊರಟ. ಅವನಿಗಿಂತ ಮೊದಲು, ಅವನಿಗಿಂತ ಹೆಚ್ಚು ಕೊಟ್ಟ ನಾನು ಫೋನಿನಲ್ಲಿ ಬೆಲೆ ಇಳಿಯುವುದನ್ನು ನೋಡುತ್ತ ಕುಳಿತೆ. “ಆಲಮಟ್ಟಿಯ ಹಿನ್ನೀರು ಬರುವಾಗ ಬದುವಿನಲ್ಲಿ ಕೋಲು ನೆಟ್ಟು ಎಷ್ಟು ಏರಿತೆಂದು ನೋಡುತ್ತಿದ್ದೆವು. ಇದಕ್ಕೆ ಕೋಲು ಎಲ್ಲಿ ನೆಡುವುದು?” ಎಂದು ಅವ್ವ ಕೇಳಿದಳು. ಬಾಯಿ ಮುಚ್ಚಿಕೊಂಡಿದ್ದೆ.

ತಮ್ಮನದು ಇನ್ನೂ ವಿಚಿತ್ರ. ಅವನಿಗೆ ಕಂಪನಿ ಕೊಟ್ಟಿದ್ದು ನೌಕರರ ಷೇರು ಆಯ್ಕೆ, ಕಚೇರಿಯಲ್ಲಿ ಅದನ್ನು ಇಸಾಪ್ ಎನ್ನುತ್ತಾರೆ. ಷೇರಿಗೆ 10 ರೂಪಾಯಿ ಕಟ್ಟಿದರೆ 4,000 ಷೇರು ಅವನವು. ಲಿಸ್ಟಿಂಗ್‌ಗೆ ಮೊದಲೇ ಕೊಂಡರೆ ಒಳ್ಳೆಯದೆಂದು ಸಹೋದ್ಯೋಗಿಗಳು ಹೇಳಿದರು, ಆಗಸ್ಟ್‌ನಲ್ಲಿ ಕೊಂಡ. ಪಟ್ಟಿಯಾಗದ ಷೇರಿಗೆ ತೆರಿಗೆಗಾಗಿ ಬೆಲೆ ಕಟ್ಟುವ ಮರ್ಚೆಂಟ್ ಬ್ಯಾಂಕರ್ ಆ ದಿನ ಹೇಳಿದ ಬೆಲೆ 600. ವ್ಯತ್ಯಾಸ 590ನ್ನು 4,000ದಿಂದ ಗುಣಿಸಿ, 23,60,000 ರೂಪಾಯಿ, ಎಲ್ಲವನ್ನೂ ಅವನ ಸಂಬಳವೆಂದೇ ಲೆಕ್ಕ ಹಿಡಿದರು. ಒಂದು ಷೇರೂ ಮಾರಿಲ್ಲ, ಒಂದು ಪೈಸೆಯೂ ಕೈಗೆ ಬಂದಿಲ್ಲ. ಶೇಕಡಾ 30 ತೆರಿಗೆ, ಮೇಲೆ ಸೆಸ್, ಒಟ್ಟು 7,36,320 ರೂಪಾಯಿ. ಕೆಲವೇ ಅರ್ಹ ನವೋದ್ಯಮಗಳ ನೌಕರರಿಗೆ ಈ ತೆರಿಗೆ ಮುಂದೂಡುವ ಸೌಲಭ್ಯವಿದೆ, ತಮ್ಮನ ಕಂಪನಿ ಆ ಪಟ್ಟಿಯಲ್ಲಿರಲಿಲ್ಲ. ವೈಯಕ್ತಿಕ ಸಾಲ ಮಾಡಿ ಕಟ್ಟಿದ. ನನಗೆ ತಿಳಿಸಲೂ ಇಲ್ಲ. ಅಣ್ಣ ಬೈಯುತ್ತಾನೆಂದು.

ನೌಕರರು ಇಸಾಪ್‌ನಿಂದ ಪಡೆದ ಷೇರಿಗೆ ಲಾಕ್-ಇನ್ ಇಲ್ಲ. ಹಾಗಾದರೆ ಅಕ್ಟೋಬರ್‌ನಲ್ಲೇ ಮಾರಬಹುದಿತ್ತಲ್ಲ? ಇಲ್ಲ. ಅವನದು ಹಣಕಾಸು ವಿಭಾಗದ ಕೆಲಸ, ಲೆಕ್ಕದ ಅಂಕಿಗಳು ಹೊರಬೀಳುವ ಮುನ್ನವೇ ಅವನಿಗೆ ಗೊತ್ತಿರುತ್ತವೆ. ಒಳಗಿನ ಮಾಹಿತಿ ಬಳಸಿ ವಹಿವಾಟು ನಡೆಸದಂತೆ ಅಂಥವರಿಗೆ ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ವಹಿವಾಟಿನ ಬಾಗಿಲು ಮುಚ್ಚಿರುತ್ತದೆ. ಸೆಪ್ಟೆಂಬರ್ 30ಕ್ಕೆ ತ್ರೈಮಾಸಿಕ ಮುಗಿದಿತ್ತು. ನವೆಂಬರ್‌ನಲ್ಲಿ ಬಾಗಿಲು ತೆರೆದಾಗ ಬೆಲೆ 310. ಮೇಲೇರುತ್ತದೆಂದು ಕಾದ. ಅದು ಅವನ ತಪ್ಪು, ಅದನ್ನು ನಿಯಮದ ಮೇಲೆ ಹಾಕುವುದಿಲ್ಲ. ಮಾರ್ಚ್‌ನಲ್ಲಿ 210ಕ್ಕೆ ಮಾರಿದಾಗ ಬಂದದ್ದು 8,40,000. ತೆರಿಗೆಯನ್ನೂ ಷೇರಿಗೆ ಕಟ್ಟಿದ 40,000ವನ್ನೂ ಕಳೆದರೆ ಆರು ವರ್ಷದ ಇಸಾಪ್ ಉಳಿಸಿದ್ದು 63,680 ರೂಪಾಯಿ. ಸಾಲದ ಬಡ್ಡಿ ಇನ್ನೂ ಬೇರೆ.

ನಾನು ಏಪ್ರಿಲ್‌ನಲ್ಲಿ ಲಾಕ್-ಇನ್ ತೆರೆದ ದಿನವೇ ಮಾರಿದೆ. ನನ್ನಂತೆ ಕಾದಿದ್ದವರೆಲ್ಲ ಅಂದೇ ಮಾರಲು ನಿಂತಿದ್ದರು. ಸಿಕ್ಕಿದ್ದು 195. ಅವ್ವನ 6,80,000ದಲ್ಲಿ 1,95,000 ಮರಳಿ ಬಂತು.

ಕೊಳ್ಳುವ ಮುನ್ನ ನಾನು ತೆರೆಯಬೇಕಿದ್ದುದು ಕಂಪನಿ ಸೆಬಿಗೆ ಸಲ್ಲಿಸಿದ ಕರಡು ಪ್ರಾಸ್ಪೆಕ್ಟಸ್, ಅಂದರೆ ಐಪಿಒದ ವಿವರ ಪತ್ರ. ನೂರಾರು ಪುಟ ನೋಡಿ ಹೆದರಬೇಡಿ. ಹೊಸ ಷೇರು ಎಷ್ಟು, ಹಳಬರು ಮಾರಿ ಹೊರಡುತ್ತಿರುವುದು ಎಷ್ಟು, ಹಾಗೆ ಹೊರಡುವವರಿಗೆ ಷೇರು ಸರಾಸರಿ ಎಷ್ಟಕ್ಕೆ ಬಿದ್ದಿತ್ತು, ಲಾಕ್-ಇನ್ ಯಾರಿಗೆ, ಇಷ್ಟನ್ನು ಹುಡುಕಿ. ಇಸಾಪ್ ಇರುವವರು ಷೇರು ಕೊಳ್ಳುವ ಮುನ್ನ ಕಂಪನಿಯ ಕಾರ್ಯದರ್ಶಿ ವಿಭಾಗದಲ್ಲಿ ಎರಡೇ ಪ್ರಶ್ನೆ ಕೇಳಿ: ತೆರಿಗೆಗೆ ಹಿಡಿಯುವ ಬೆಲೆ ಎಷ್ಟು, ನಾನು ಮಾರಬಹುದಾದ ಮೊದಲ ದಿನ ಯಾವುದು.

600ಕ್ಕೆ ತೆರಿಗೆ ಕಟ್ಟಿ 210ಕ್ಕೆ ಮಾರಿದ ತಮ್ಮನಿಗೆ ಕಾಗದದಲ್ಲಿ 15,60,000 ರೂಪಾಯಿ ಬಂಡವಾಳ ನಷ್ಟವಿದೆ. ಅದನ್ನು ಸಂಬಳದ ತೆರಿಗೆಯಲ್ಲಿ ವಜಾ ಮಾಡಲು ಬರುವುದಿಲ್ಲ, ಎಂಟು ವರ್ಷದೊಳಗೆ ಬೇರೆ ಬಂಡವಾಳ ಲಾಭ ಬಂದರೆ ಅದರ ಎದುರು ಮಾತ್ರ ಕಳೆಯಬಹುದು. ಆದಾಯ ತೆರಿಗೆ ರಿಟರ್ನ್ ಗಡುವಿನೊಳಗೆ ಸಲ್ಲಿಸದಿದ್ದರೆ ಆ ಅವಕಾಶವೂ ಹೋಗುತ್ತದೆ. ದಿನ ಬಿಟ್ಟು ದಿನ ಫೋನ್ ಮಾಡಿ ನೆನಪಿಸುತ್ತಿದ್ದೇನೆ. “ಹೂಂ ಅಣ್ಣ” ಎನ್ನುತ್ತಾನೆ, ಇನ್ನೂ ಸಲ್ಲಿಸಿಲ್ಲ.