ರುಬಾರ್ಬ್ ಲಿಪ್ ಸಿಂಕ್: ಅಜ್ಜಿಯ ಬಾಯಿಗೆ ಒಂಬತ್ತು ಆಕಾರ

ನಾಲ್ಕು ನಿಮಿಷದ ಅನಿಮೇಷನ್ ಅಜ್ಜಿಕಥೆಯಲ್ಲಿ ಮಾತಿಗೆ ತಕ್ಕಂತೆ ಬಾಯಿ ಆಡಿಸುವುದೆಂದರೆ ನನಗೆ ಮೂರು ದಿನದ ದುಡಿಮೆ. ಧ್ವನಿಯನ್ನು ತುಣುಕು ತುಣುಕಾಗಿ ಕೇಳಿ, ಒಂದೊಂದು ಉಲಿಗೂ ಒಂದೊಂದು ಬಾಯಿ ಅಂಟಿಸಬೇಕು. ಈ ಸಲ ಅದನ್ನು ಉಚಿತವಾಗಿ ಸಿಗುವ ರುಬಾರ್ಬ್ ಲಿಪ್ ಸಿಂಕ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿದೆ.

ಒತ್ತಲು ಗುಂಡಿಗಳಿಲ್ಲ, ಕಮಾಂಡ್ ಟೈಪ್ ಮಾಡಬೇಕು. ಧ್ವನಿಯ ಫೈಲ್ ಕೊಟ್ಟರೆ ಯಾವ ಕ್ಷಣಕ್ಕೆ ಯಾವ ಬಾಯಿ ಎಂಬ ಪಟ್ಟಿ ಬರುತ್ತದೆ. ಆಕಾರಗಳು ಮೂಲದಲ್ಲಿ ಆರು, ಬೇಕಿದ್ದರೆ ಇನ್ನೂ ಮೂರು. ಪ, ಬ, ಮ ಬಂದರೆ ಮುಚ್ಚಿದ ತುಟಿ; ಆ ಬಂದರೆ ಅಗಲ ಬಾಯಿ. ಮೊದಲ ಸಲ ಅಜ್ಜಿ ಏನೇನೋ ಒದರಿದಳು. ತಪ್ಪು ನನ್ನದೇ. ನಾವು ಹೇಳದಿದ್ದರೆ ಅದು ಇಂಗ್ಲಿಷ್ ಪದಗಳನ್ನು ಹುಡುಕುತ್ತದೆ; ಬೇರೆ ಭಾಷೆಗೆ ‘ಫೊನೆಟಿಕ್’ ಆಯ್ಕೆ ಕೊಡಿ, ನಿಖರತೆ ತುಸು ಕಡಿಮೆ ಎಂದು ಕೈಪಿಡಿಯಲ್ಲೇ ಇದೆ. ಕೊಟ್ಟ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ‘ಅಪ್ಪ’, ‘ಅಮ್ಮ’ಗಳ ಒತ್ತಕ್ಷರಕ್ಕೆ ಮಾತ್ರ ನಾನೇ ಎರಡೆರಡು ಫ್ರೇಮ್ (ಚಲನೆಯ ಒಂದೊಂದು ಚಿತ್ರ) ಹೆಚ್ಚು ತುಟಿ ಮುಚ್ಚಿಸಿದೆ. ಒತ್ತಿನಲ್ಲಿ ನಿಲ್ಲದ ಬಾಯಿ ಕನ್ನಡದ್ದೆನಿಸುವುದಿಲ್ಲ.

ಕೆಲಸ ಕೊಟ್ಟವರಿಗೆ ಇದನ್ನು ಹೇಳಿ ಕೆಟ್ಟೆ. “ತಾನಾಗಿಯೇ ಆಯಿತಲ್ಲ ಸಾರ್, ದರ ಇಳಿಸಿ” ಎಂದರು.

ಇದೇ ‘ತಾನಾಗಿ’ಯ ಮೇಲೆ ಅಮೆರಿಕದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ. ತುಟಿಚಲನೆಯನ್ನು ಸ್ವಯಂಚಾಲಿತವಾಗಿ ಹೊಂದಿಸುವ ಪೇಟೆಂಟ್ ಹಿಡಿದು ಮೆಕ್‌ರೋ ಎಂಬ ಕಂಪನಿ, ಬಂದಾಯ್ ನಾಮ್ಕೊ, ಸೇಗಾ ಮುಂತಾದ ವಿಡಿಯೊ ಆಟ ತಯಾರಕರನ್ನು ಕೋರ್ಟಿಗೆಳೆಯಿತು. ಇದು ಬರೀ ಅಮೂರ್ತ ಕಲ್ಪನೆ, ಪೇಟೆಂಟಿಗೆ ತಕ್ಕುದಲ್ಲ ಎಂದಿತು ಕೆಳ ನ್ಯಾಯಾಲಯ. 2016ರಲ್ಲಿ ಫೆಡರಲ್ ಸರ್ಕ್ಯೂಟ್ ಎಂಬ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುವಿಹಾಕಿತು: ಕಲಾವಿದ ನಡೆಯುವುದು ತನ್ನ ಅಂದಾಜಿನ ಮೇಲೆ, ಪೇಟೆಂಟಿನ ವಿಧಾನ ನಡೆಯುವುದು ನಿರ್ದಿಷ್ಟ ನಿಯಮಗಳ ಮೇಲೆ, ಕೈಕೆಲಸವನ್ನೇ ಯಂತ್ರಕ್ಕೆ ಹಚ್ಚಿದಂತಲ್ಲ. ಅಷ್ಟಾಗಿಯೂ 2020ರಲ್ಲಿ ಮೆಕ್‌ರೋಗೆ ಸೋಲೇ. ಪೇಟೆಂಟಿನಲ್ಲಿದ್ದದ್ದು ಮುಖದ ಮೇಲ್ಮೈ ಬಿಂದುಗಳ ಲೆಕ್ಕ; ಆಟಗಳಲ್ಲಿ ಮುಖ ಆಡಿಸುತ್ತಿದ್ದದ್ದು ಒಳಗಿನ ‘ಮೂಳೆ’ಗಳು, ಅಂದರೆ ಪಾತ್ರದೊಳಗೆ ಕಟ್ಟಿದ ಅಸ್ಥಿಪಂಜರದಂಥ ಚೌಕಟ್ಟು.

ಅಂದಾಜು ಎಂಬ ಮಾತು ನನಗೆ ಒಪ್ಪಿಗೆ. ಆ ಎರಡು ಫ್ರೇಮಿಗೆ ನನ್ನಲ್ಲೂ ನಿಯಮವಿಲ್ಲ. ಮಗು ‘ಅಮ್ಮಾ’ ಎಂದು ಗೋಗರೆದಲ್ಲಿ ಮೂರು ಹಾಕಿದೆ, ಸಿಡುಕಿದಲ್ಲಿ ಒಂದೇ. ಪಟ್ಟಿ ಸಾದಾ ಪಠ್ಯದಲ್ಲಿರುವುದರಿಂದ ತಿದ್ದುವುದು ಸಲೀಸು. ಇದಕ್ಕೇ ನಾಲ್ಕು ನಕ್ಷತ್ರ ಕೊಡುತ್ತೇನೆ. ಮೂರು ದಿನದ ಕೆಲಸ ಒಂದೂವರೆ ದಿನಕ್ಕೆ ಇಳಿಯಿತು. ಬಿಲ್ಲಿನಲ್ಲೂ ಒಂದೂವರೆ ಎಂದೇ ಬರೆದಿದ್ದೇನೆ, ದಿನದ ದರ ಮಾತ್ರ ಇಳಿಸಿಲ್ಲ.