ಐದು ಟ್ಯಾಬೋ, ಒಂದೇ ಪುಟವೋ?

ತುಮಕೂರು ಜಿಲ್ಲೆಯ ಹಳ್ಳಿಯೊಂದರ ಚಿಕಿತ್ಸಾಲಯಕ್ಕೆ ರೋಗಿಗಳ ದಾಖಲೆಯ ಪರದೆ ರೂಪಿಸುವಾಗ ಎರಡು ನಮೂನೆ ಮಾಡಿದೆ. ಎರಡಕ್ಕೂ ತಳಪಾಯ 2004ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಓಪನ್‌ಎಂಆರ್‌ಎಸ್. ಅದರಲ್ಲಿ ಬಿಪಿ, ತೂಕ, ಶುಗರ್ ಎಲ್ಲದರ ಹೆಸರು, ಅರ್ಥ ಒಂದೇ ಪಟ್ಟಿಯಲ್ಲಿ, ಅಂದರೆ ತಂತ್ರಾಂಶದ ನಿಘಂಟಿನಲ್ಲಿ, ನಮೂದಾಗಿರುತ್ತವೆ; ಪರದೆ ಯಾವುದೇ ಇರಲಿ, ಮಾಹಿತಿ ಸೇರುವ ಜಾಗ ಒಂದೇ. ಹೀಗಾಗಿ ವಾರಕ್ಕೊಂದು ನಮೂನೆ ಬದಲಿಸಿದರೂ ದಾಖಲೆ ಚದುರಲಿಲ್ಲ.

ಮೊದಲನೆಯದರಲ್ಲಿ ಐದು ಟ್ಯಾಬ್, ಅಂದರೆ ಪರದೆಯ ಮೇಲೆ ಒಂದೊಂದಾಗಿ ತೆರೆಯುವ ಐದು ಬೇರೆ ಬೇರೆ ಪುಟ. ನೋಡಲು ಚೊಕ್ಕಟ, ನನಗೂ ಹೆಮ್ಮೆ. ಆದರೆ ಮಂಡಿನೋವೆಂದು ಬಂದ ಅಜ್ಜಿ ಎದ್ದು ಹೊರಡುವಾಗ, "ಮೊನ್ನೆ ತಲೆ ಸುತ್ತಿ ಬಿದ್ದಿದ್ದೆ" ಎನ್ನುತ್ತಾರೆ. ನರ್ಸ್ ನಾಲ್ಕನೇ ಟ್ಯಾಬಿನಿಂದ ಒಂದನೆಯದಕ್ಕೆ ಮರಳಬೇಕು. ಮೂರನೇ ದಿನಕ್ಕೆ ಅವರು ಓಪಿಡಿ ಚೀಟಿಯ ಹಿಂದೆ ಗೀಚಿಕೊಂಡು, ಊಟದ ಹೊತ್ತಿನಲ್ಲಿ ಕಂಪ್ಯೂಟರಿಗೆ ತುಂಬತೊಡಗಿದರು. ಗೆದ್ದದ್ದು ಕಾಗದ!

ಎರಡನೆಯದು ಒಂದೇ ಉದ್ದನೆಯ ಪುಟ. ಅಂದವಿಲ್ಲ, ಒಪ್ಪುತ್ತೇನೆ. ಆದರೆ ಬಿಪಿ ಬರೆಯುವ ಚೌಕದ ಪಕ್ಕದಲ್ಲೇ ಹಿಂದಿನ ಭೇಟಿಯ ಅಂಕಿ ಕಾಣುತ್ತದೆ. "ಹೋದ ಸಲ 160 ಇತ್ತಲ್ಲ ಅಜ್ಜಿ, ಮಾತ್ರೆ ನಿಲ್ಲಿಸಿಬಿಟ್ಟಿರಾ?" ಎಂದು ಡಾಕ್ಟರು ಪರದೆ ಬಿಟ್ಟು ಅಜ್ಜಿಯ ಮುಖ ನೋಡಿ ಕೇಳಿದರು. ಅಲ್ಲಿಗೆ ನನ್ನ ಮನಸ್ಸು ಇತ್ತ ವಾಲಿತು. ಎಪ್ಪತ್ತರ ಗಂಡಸಿಗೂ ಕೊನೆಯ ಮುಟ್ಟಿನ ದಿನಾಂಕ ಕೇಳುತ್ತಿದ್ದ ನನ್ನ ಪೆದ್ದುತನವನ್ನು ಮಾತ್ರ ಅದೇ ಸಂಜೆ ತಿದ್ದಿದೆ.

ಎರಡೂ ಸೋತದ್ದು ಹೆಸರು ಹುಡುಕುವಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಲಕ್ಷ್ಮಮ್ಮನನ್ನು ಒಬ್ಬರು 'ಕೆಎಸ್ಎಚ್' ಹಾಕಿ ಬರೆದರೆ ಇನ್ನೊಬ್ಬರು 'ಎಕ್ಸ್' ಹಾಕುತ್ತಾರೆ. ಒಬ್ಬಾಕೆಗೆ ಮೂರು ಕಡತ. ಹೆಸರಿನ ಜೊತೆಗೆ ಊರು, ಗಂಡನ ಅಥವಾ ತಂದೆಯ ಹೆಸರು, ಫೋನಿನ ಕೊನೆಯ ನಾಲ್ಕಂಕಿ ತೋರಿಸಿದ ಮೇಲೆ ಗೊಂದಲ ಬಹುಪಾಲು ತಗ್ಗಿತು. ಹುಟ್ಟಿದ ದಿನಾಂಕವನ್ನು ಕಡ್ಡಾಯ ಮಾಡಿದ್ದರಿಂದ ಹಿರಿಯರೆಲ್ಲ ಜನವರಿ 1ರಂದೇ ಹುಟ್ಟಿದ್ದರು. ಈಗ ಅಂದಾಜು ವಯಸ್ಸು ಬರೆದರೂ ಸಾಕು.

ಕನ್ನಡಾಭಿಮಾನದಿಂದ ನಾನು 'ರಕ್ತದೊತ್ತಡ' ಎಂದು ಬರೆದಿದ್ದೆ. "ಬಿಪಿ ಅಂತಲೇ ಹಾಕಿ ಸರ್, ಹುಡುಕುವುದು ತಪ್ಪುತ್ತದೆ" ಎಂದರು ನರ್ಸ್. ಹಾಕಿದೆ, ಕನ್ನಡ ಲಿಪಿಯಲ್ಲೇ.

ಈಗ ನಿತ್ಯದ ಓಪಿಡಿಗೆ ಒಂದೇ ಪುಟ. ತಾಯಿ ಕಾರ್ಡ್ ಹಿಡಿದು ಗರ್ಭಿಣಿಯರು ಬರುವ ದಿನ ಮಾತ್ರ ಟ್ಯಾಬ್ ನಮೂನೆ ತೆರೆಯುತ್ತಾರೆ. ತೂಕ ಒಂದು ಮೇಜಿನಲ್ಲಿ, ಬಿಪಿ ಇನ್ನೊಂದರಲ್ಲಿ, ಹಿಮೋಗ್ಲೋಬಿನ್ ಮತ್ತೊಂದರಲ್ಲಿ. ಪ್ರತಿ ಮೇಜಿಗೂ ತನ್ನದೇ ಟ್ಯಾಬ್.